ದೀಪ ಉರಿಯುತ್ತಿತ್ತು

ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡರು. ಏಳಿಗೆಯನ್ನು ಇತರರು ಬರೆದಿರುವುದರಿಂದ, ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ನನ್ನದೊಂದು ತಪ್ಪನ್ನು ಅರಿಕೆಮಾಡುತ್ತೇನೆ.

ನಮ್ಮ ವಸತಿಗೃಹದಲ್ಲಿ ನೇರಳಾತೀತ ಕಿರಣಗಳಿಂದ ಕುಡಿಯುವ ನೀರನ್ನು ಶುದ್ಧಿಮಾಡುವ ದೀಪವೊಂದುಂಟು. ಸೂರ್ಯನ ಬೆಳಕು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುವುದೆಂದು 1877ರಲ್ಲಿ ಡೌನ್ಸ್ ಮತ್ತು ಬ್ಲಂಟ್ ಎಂಬ ಇಂಗ್ಲಿಷ್ ವಿದ್ವಾಂಸರು ತೋರಿಸಿದರು. 1910ರಲ್ಲಿ ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದವರು ಪಾದರಸದ ಆವಿಯ ದೀಪವನ್ನು ಊರ ನೀರಿಗೆ ಉಪಯೋಗಿಸಿದರು. ಈ ಕಿರಣವು ಕ್ರಿಮಿಯ ಡಿ.ಎನ್.ಎ.ಯನ್ನು ಕೆಡಿಸುವುದು, ಆ ಬಳಿಕ ಕ್ರಿಮಿಯು ವೃದ್ಧಿಯಾಗಲಾರದು. ಇದನ್ನೆಲ್ಲ ನಾನೇ ಹತ್ತನೆಯ ತರಗತಿಗೆ ಪಾಠ ಹೇಳಿದ್ದೆನು.

ಒಂದು ಮಳೆಗಾಲದಲ್ಲಿ ಹನ್ನೊಂದು ಹುಡುಗಿಯರಿಗೆ ವಾಂತಿಭೇದಿ ಹತ್ತಿತು. ಒಬ್ಬಳನ್ನು ಎರಡು ರಾತ್ರಿ ಆಸ್ಪತ್ರೆಯಲ್ಲಿಡಬೇಕಾಯಿತು. “ನೀರು ಚೆನ್ನಾಗಿದೆಯೇ ಅಮ್ಮಾವ್ರೇ?” ಎಂದು ಆಕೆಯ ತಾಯಿ ಕೇಳಿದರು. “ಆ ಚಿಂತೆ ಬೇಡಿ, ದೀಪ ಉರಿಯುತ್ತಿದೆ” ಎಂದೆನು. ಅಡಿಗೆಯವಳ ಕೈಯನ್ನೂ ಸಂತೆಯ ಸೀಬೆಹಣ್ಣನ್ನೂ ಸಂದೇಹಿಸಿದೆನು; ದೀಪವನ್ನು ಸಂದೇಹಿಸಲಿಲ್ಲ. ಪೆಟ್ಟಿಗೆಯ ಕಿಂಡಿಯಲ್ಲಿ ನೀಲಿ ಬೆಳಕು ಕಾಣುತ್ತಲೇ ಇತ್ತಲ್ಲವೇ!

ದಸರಾ ರಜೆಗೆ ನನ್ನ ಹುಟ್ಟೂರಾದ ಹಾರನಹಳ್ಳಿಗೆ ಹೋದೆನು. ಅರಸೀಕೆರೆಯ ಬಳಿಯ ಈ ಊರನ್ನು ಹೊಯ್ಸಳರ ಕಾಲದ ಸೋಮೇಶ್ವರ ದೇವಾಲಯದಿಂದ ಹಲವರು ಬಲ್ಲಿರಿ. ನಮ್ಮ ತಾಯಿಯವರು ಬಚ್ಚಲ ಹಂಡೆಯನ್ನು ಹುಣಿಸೇಹಣ್ಣಿನಿಂದ ತಿಕ್ಕುತ್ತಿದ್ದರು. ಒಳಗೆ ಬಿಳಿಯ ಪದರ. “ಬಾವಿಯ ನೀರಿಗೆ ಹೀಗಾಗುತ್ತಿರಲಿಲ್ಲ ಕಣಮ್ಮ. ಈ ಬೋರಿನ ನೀರು ಬಂದಾಗಿನಿಂದ ಸುಣ್ಣ ಕಟ್ಟುತ್ತೆ. ತಿಕ್ಕದಿದ್ದರೆ ಎಷ್ಟು ಸೌದೆ ಹಾಕಿದರೂ ನೀರು ಬೇಗ ಕಾಯೋದಿಲ್ಲ” ಎಂದರು. ನಮ್ಮ ವಸತಿಗೃಹದ್ದೂ ಬೋರಿನ ನೀರೇ. ನಾನು ಅಲ್ಲಿಯೇ ಕುಳಿತುಬಿಟ್ಟೆನು.

ಮರಳಿದ ದಿನವೇ ಪೆಟ್ಟಿಗೆಯನ್ನು ಬಿಚ್ಚಿಸಿದೆನು. ಸಾಮಾನ್ಯ ಗಾಜು ಈ ಕಿರಣವನ್ನು ತಡೆಯುವುದರಿಂದ ದೀಪದ ಸುತ್ತ ಸ್ಫಟಿಕಶಿಲೆಯ ಕೊಳವೆಯಿರುತ್ತದೆ. ಅದು ಸುಣ್ಣ ಬಳಿದ ಗೋಡೆಯಂತಾಗಿತ್ತು. ದೀಪವನ್ನಾದರೋ ಮೂರು ವರ್ಷ ಬದಲಾಯಿಸಿರಲಿಲ್ಲ. ಸುಮಾರು 9,000 ಗಂಟೆ ಉರಿದ ಮೇಲೆ ಅದರ ಕ್ರಿಮಿನಾಶಕ ಕಿರಣವು ಕುಂದುವುದು. ನೀಲಿ ಬೆಳಕು ಮಾತ್ರ ಉಳಿದಿರುವುದು. ಕೆಲಸಮಾಡುವ ಕಿರಣವು ನಮ್ಮ ಕಣ್ಣಿಗೆ ಕಾಣತಕ್ಕದ್ದೇ ಅಲ್ಲ. ದೀಪವನ್ನು ದಾಟಿಬಂದ ನೀರನ್ನು ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಮಲದ ಕ್ರಿಮಿಗಳು ಕಂಡುಬಂದವು.

ಈಗ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿದೆ. ವರ್ಷಕ್ಕೊಮ್ಮೆ ಹೊಸ ದೀಪ. ತಿಂಗಳಿಗೊಮ್ಮೆ, ದೀಪವನ್ನು ಆರಿಸಿ, ನಿಂಬೆಯ ರಸದಿಂದ ಕೊಳವೆಯನ್ನು ತೊಳೆಯುವುದು. ಬಗ್ಗಡದ ನೀರಿನಲ್ಲಿ ಕಿರಣವು ದೂರ ಹಾಯದಾದ್ದರಿಂದ ಅಂತಹ ದಿನ ನೀರನ್ನು ಸೋಸಿ ಕುದಿಸುತ್ತೇವೆ.

ಆ ತಾಯಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದೆನು. ರಜೆ ಮುಗಿದ ಮೇಲೆ ಮಗಳನ್ನು ನಮ್ಮಲ್ಲಿಗೇ ಕಳುಹಿಸಿದರು. ಅವಳ ಚೀಲದಲ್ಲಿ ಮನೆಯಲ್ಲಿ ಕಾಯಿಸಿದ ನೀರಿನ ಸೀಸೆಯೊಂದಿತ್ತು. ನಾನು ಏನೂ ಹೇಳಲಿಲ್ಲ.