ಐವತ್ತರಲ್ಲಿ ಲೇಖನಿ ಹಿಡಿದ ಝೆಮಾಯ್ತೆ

ಲಿಥುವೇನಿಯ ದೇಶವು 1994ರಲ್ಲಿ ಹೊರತಂದ ಒಂದು ಲಿತಸ್ ಮೌಲ್ಯದ ನೋಟಿನ ಮೇಲೆ ತಲೆಗೆ ವಸ್ತ್ರ ಕಟ್ಟಿದ ವೃದ್ಧೆಯೊಬ್ಬರ ಭಾವಚಿತ್ರವಿತ್ತು. ಹಳ್ಳಿಯ ಯಾವುದೇ ಮನೆಯ ಅಜ್ಜಿಯೆಂದು ಹೇಳಬಹುದಾದ ಆ ಮುಖ ಲಿಥುವೇನಿಯನ್ ವಾಸ್ತವವಾದಿ ಗದ್ಯದ ಆದ್ಯಪ್ರವರ್ತಕರಲ್ಲಿ ಒಬ್ಬರಾದ ಝೆಮಾಯ್ತೆಯವರದು. ಶಾಲೆಯ ಕ್ರಮಬದ್ಧ ಶಿಕ್ಷಣ ಅವರಿಗೆ ಸಿಗಲಿಲ್ಲ. ಮೊದಲ ಕಥೆ ಅಚ್ಚಾದಾಗ ಅವರ ವಯಸ್ಸು ಐವತ್ತು. ಸಾಹಿತ್ಯಚರಿತ್ರೆಯು ಇಂಥವರನ್ನು 'ಸ್ವಯಂಶಿಕ್ಷಿತರು' ಎಂದು ಒಂದೇ ಮಾತಿನಲ್ಲಿ ಗುರುತಿಸಿ ಮುಂದೆ ಸಾಗುತ್ತದೆ. ಆ ಮಾತಿನೊಳಗೆ ಅಡಗಿರುವುದೇನು ಎಂಬುದನ್ನು ಅವರ ಬದುಕಿನಿಂದಲೇ ತಿಳಿಯಬೇಕು.

ಅವರ ನಿಜನಾಮ ಯೂಲಿಯಾ ಬೆನ್ಯುಶೆವಿಚ್ಯೂತೆ. 1845ರಲ್ಲಿ, ಅಂದಿನ ರಷ್ಯನ್ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದ ಪಶ್ಚಿಮ ಲಿಥುವೇನಿಯದ ಝೆಮಾಯ್ತಿಯಾ ಸೀಮೆಯಲ್ಲಿ, ಪ್ಲುಂಗೆ ಪಟ್ಟಣದ ಸಮೀಪದ ಬುಕಾಂತೆಯಲ್ಲಿ ಜನಿಸಿದರು. ಹೆತ್ತವರು ಕುಲದಿಂದ ಕುಲೀನರು, ಆಸ್ತಿಯಿಂದ ಬಡವರು. ತಂದೆ ದೊಡ್ಡ ಜಮೀನ್ದಾರರ ಎಸ್ಟೇಟಿನಲ್ಲಿ ಪಾರುಪತ್ಯಗಾರರಾಗಿದ್ದರು. ಅಂಥ ಮನೆಗಳ ಮಾತು ಪೋಲಿಷ್. ಲಿಥುವೇನಿಯನ್ ಎಂಬುದು ಜೀತದ ರೈತರ ನುಡಿ. ರೈತರ ಮಕ್ಕಳೊಡನೆ ಬೆರೆಯಬಾರದೆಂಬ ಕಟ್ಟಳೆಯಿದ್ದರೂ ಬಾಲಕಿ ಬೆರೆತಳು, ಆ ನುಡಿಯನ್ನು ಕಲಿತಳು. ಬಂಧುಗಳ ಮನೆಯ ಪುಸ್ತಕಗಳು ಓದಿನ ರುಚಿ ಹಚ್ಚಿದವು. ಅವರ ಎರಡು ಪಾಠಶಾಲೆಗಳು ಇವು: ಒಂದು ಪರಭಾಷೆಯ ಗ್ರಂಥಗಳದು, ಇನ್ನೊಂದು ನಿಷೇಧಿತ ಒಡನಾಟದ್ದು. ಲೇಖಕಿಯನ್ನು ರೂಪಿಸಿದ್ದು ಎರಡನೆಯದು.

1863ರಲ್ಲಿ ಝಾರ್ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ ಯುವತಿ ಯೂಲಿಯಾ ದಂಗೆಕೋರರಿಗೆ ನೆರವಾದರು. 1865ರಲ್ಲಿ ಲೌರೀನಸ್ ಝಿಮಾಂತಸ್ ಎಂಬವರನ್ನು ವರಿಸಿದರು. ಜೀತಪದ್ಧತಿ ರದ್ದಾಗಿ ಕೆಲವೇ ವರ್ಷಗಳಾಗಿದ್ದವು. ವರನು ಹಿಂದೆ ಜೀತದಾಳಾಗಿದ್ದವನು. ಕುಲೀನ ಕನ್ಯೆಯೊಬ್ಬಳು ರೈತನ ಮಡದಿಯಾದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಮುಂದಿನ ಮೂರು ದಶಕಗಳು ಗೇಣಿಯ ಹೊಲ, ದನಕರು, ಹೆರಿಗೆ, ಸಾಲ ಇವುಗಳಲ್ಲಿಯೇ ಕಳೆದವು. ಬರೆಯುವ ಮಾತು ಅಲ್ಲಿ ಎಲ್ಲಿಂದ ಬರಬೇಕು?

ಬರೆದರೂ ಅಚ್ಚಿಗೆ ದಾರಿಯಿರಲಿಲ್ಲ. ದಂಗೆಯನ್ನು ಹತ್ತಿಕ್ಕಿದ ಬಳಿಕ ರಷ್ಯಾದ ಸರಕಾರವು ಲ್ಯಾಟಿನ್ ಲಿಪಿಯಲ್ಲಿ ಲಿಥುವೇನಿಯನ್ ಪುಸ್ತಕಗಳನ್ನು ಮುದ್ರಿಸುವುದನ್ನು ನಿಷೇಧಿಸಿತು. 1904ರವರೆಗೆ, ಸುಮಾರು ನಾಲ್ಕು ದಶಕಗಳ ಕಾಲ ಈ ನಿಷೇಧ ಜಾರಿಯಲ್ಲಿತ್ತು. ಗಡಿಯಾಚೆ ಪೂರ್ವ ಪ್ರಷ್ಯಾದ ಟಿಲ್ಸಿಟ್ ಮೊದಲಾದ ಊರುಗಳಲ್ಲಿ ಪುಸ್ತಕಗಳು ಅಚ್ಚಾಗುತ್ತಿದ್ದವು. 'ಕ್ನಿಗ್ನೆಶಿಯೈ' ಎಂದು ಹೆಸರಾದ ಪುಸ್ತಕ ಹೊರುವವರು ಅವುಗಳನ್ನು ರಾತ್ರಿಯ ಕತ್ತಲಲ್ಲಿ ಗಡಿ ದಾಟಿಸುತ್ತಿದ್ದರು. ಸಿಕ್ಕಿಬಿದ್ದವರಿಗೆ ಸೆರೆಮನೆ ಅಥವಾ ಗಡೀಪಾರು.

ಇಂಥ ಪುಸ್ತಕ, ಪತ್ರಿಕೆಗಳನ್ನು ಉಶ್ನೇನಾಯ್ ಹಳ್ಳಿಯಲ್ಲಿದ್ದ ಝಿಮಾಂತ್ಯೆನೆಯವರಿಗೆ ತಲುಪಿಸಿದವನು ಅದೇ ಊರಿನ ವಿದ್ಯಾರ್ಥಿ ಪೊವಿಲಸ್ ವಿಶಿನ್ಸ್ಕಿಸ್. ವಯಸ್ಸಿನಲ್ಲಿ ಅವರಿಗಿಂತ ಮೂವತ್ತು ವರ್ಷ ಕಿರಿಯ. ತಾವೂ ಬರೆಯಬೇಕೆಂದು ಅವರನ್ನು ಒತ್ತಾಯಿಸಿದವನೂ ಅವನೇ. 1895ರ ರೈತರ ಪಂಚಾಂಗವೊಂದರಲ್ಲಿ 'ಶರತ್ಕಾಲದ ಸಂಜೆ' ಎಂಬ ಕಥೆ ಪ್ರಕಟವಾಯಿತು. 'ಝೆಮಾಯ್ತೆ' ಎಂಬ ಕಾವ್ಯನಾಮಕ್ಕೆ ಝೆಮಾಯ್ತಿಯಾ ಸೀಮೆಯ ಹೆಂಗಸು ಎಂದಷ್ಟೇ ಅರ್ಥ. ಕುಲವನ್ನೂ ಮನೆತನವನ್ನೂ ಬಿಟ್ಟು, ನೆಲವೊಂದನ್ನೇ ಗುರುತಾಗಿ ಉಳಿಸಿಕೊಂಡ ಹೆಸರು ಅದು.

ಮರುವರ್ಷ ಬಂದ 'ಸೊಸೆ' ಅವರ ಶ್ರೇಷ್ಠ ಕೃತಿಗಳಲ್ಲೊಂದು. ಕ್ಯಾತ್ರೆ ದುಡಿಮೆಗಾರ ಹುಡುಗಿ. ವಿಂಗಿಸ್ ಮನೆಯವರಿಗೆ ಬೇಕಾದದ್ದು ಅವಳು ತರುವ ವರದಕ್ಷಿಣೆ. ಅವಳ ತಂದೆಗೆ ಕಂಡದ್ದು ಅವರ ಹೊಲ. ಗಂಡ ಸೋಮಾರಿ. ಮನೆಯೋ ಕೊಳಕು ತುಂಬಿದ, ಕ್ರಮ ತಪ್ಪಿದ ಮನೆ. ಆ ಮನೆಯನ್ನು ಮನೆಯಾಗಿಸಲು ಹೆಣಗುವ ಸೊಸೆ ಅತ್ತೆಗೆ ಅಹಂಕಾರಿಯಾಗಿ ಕಾಣುತ್ತಾಳೆ. ದುಡಿದು ಸವೆದು ಕ್ಯಾತ್ರೆ ಸಾಯುತ್ತಾಳೆ. ಇಲ್ಲಿ ಖಳನಾಯಕನೆಂಬ ಒಬ್ಬನಿಲ್ಲ. ಮದುವೆಯನ್ನು ಜಮೀನಿನ ವ್ಯವಹಾರವಾಗಿ ಕಾಣುವ ವ್ಯವಸ್ಥೆಯೇ ಕೊಲೆಗಾರ. ಈ ಕಥೆ ಸೇರಿದ ಮಾಲಿಕೆಗೆ ಲೇಖಕಿ ಇಟ್ಟ ಹೆಸರು 'ಮದುವೆಯಾಗುವ ಭಾಗ್ಯ' ಎಂಬರ್ಥದ್ದು. ಆ 'ಭಾಗ್ಯ'ದಲ್ಲಿನ ವ್ಯಂಗ್ಯವನ್ನು ವಿವರಿಸುವ ಅಗತ್ಯವಿಲ್ಲ.

ಝೆಮಾಯ್ತೆಯವರ ಹಸ್ತಪ್ರತಿಗಳು ಅವರ ಸೀಮೆಯ ಉಪಭಾಷೆಯಲ್ಲಿದ್ದವು. ವಿಶಿನ್ಸ್ಕಿಸ್ ಮತ್ತು ಭಾಷಾತಜ್ಞ ಯೋನಸ್ ಯಾಬ್ಲೊನ್ಸ್ಕಿಸ್ ಅವುಗಳನ್ನು ತಿದ್ದಿ, ರೂಪುಗೊಳ್ಳುತ್ತಿದ್ದ ಶಿಷ್ಟಭಾಷೆಗೆ ಹೊಂದಿಸಿದರು. ಆದ್ದರಿಂದ ಓದುಗರ ಕೈ ಸೇರಿದ ಪಠ್ಯವನ್ನು ಸಂಪೂರ್ಣವಾಗಿ ಲೇಖಕಿಯದೇ ಎನ್ನಲಾಗದು. ಉಪಭಾಷೆಯ ಒರಟು ಸೊಗಸು ಆ ತಿದ್ದುಪಡಿಯಲ್ಲಿ ಎಷ್ಟೋ ಕರಗಿತು. ಹಾಗೆಂದು ವ್ಯವಹಾರ ಒಂದೇ ದಿಕ್ಕಿನದಾಗಿರಲಿಲ್ಲ. 1901ರಲ್ಲಿ ಪ್ರಕಟವಾದ ಯಾಬ್ಲೊನ್ಸ್ಕಿಸ್‌ರ ವ್ಯಾಕರಣವು ಆಧುನಿಕ ಲಿಥುವೇನಿಯನ್ ಭಾಷೆಗೆ ಅಡಿಗಲ್ಲಾಯಿತು. ಜನರ ಆಡುನುಡಿಯೇ ಆ ವೈಯಾಕರಣನಿಗೆ ಆಧಾರ, ಝೆಮಾಯ್ತೆಯವರ ಬರಹ ಅಂಥ ನುಡಿಯ ಸಮೃದ್ಧ ಭಂಡಾರ. ಕಾಗುಣಿತವನ್ನು ತಿದ್ದಿಸಿಕೊಂಡ ಹೆಂಗಸೇ ಪಂಡಿತನಿಗೆ ಭಾಷೆಯ ಕಸುವನ್ನು ಒದಗಿಸಿದರು. ಇಲ್ಲಿ ಗುರು ಯಾರು, ಶಿಷ್ಯರು ಯಾರು ಎಂದು ಗೆರೆ ಎಳೆಯುವುದು ಕಷ್ಟ.

ಗೆಳತಿ ಗಬ್ರಿಯೇಲೆ ಪೆಟ್ಕೆವಿಚೈತೆಯವರೊಡನೆ 'ಇಬ್ಬರು ಹೆಂಗಸರು' ಎಂಬ ಅರ್ಥದ ಜಂಟಿ ಕಾವ್ಯನಾಮದಲ್ಲಿ ಝೆಮಾಯ್ತೆ ನಾಟಕಗಳನ್ನು ರಚಿಸಿದರು. 1907ರಲ್ಲಿ ಕೌನಸ್‌ನಲ್ಲಿ ನಡೆದ ಲಿಥುವೇನಿಯನ್ ಮಹಿಳೆಯರ ಪ್ರಥಮ ಸಮಾವೇಶದಲ್ಲಿ ಪಾಲ್ಗೊಂಡರು. ಮಹಾಯುದ್ಧದ ಸಂತ್ರಸ್ತರಿಗಾಗಿ ನಿಧಿ ಕೂಡಿಸಲು 1916ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅಮೆರಿಕಕ್ಕೆ ತೆರಳಿ ಅಲ್ಲಿನ ವಲಸಿಗರ ನಡುವೆ ಭಾಷಣ ಮಾಡುತ್ತ ತಿರುಗಿದರು. 1921ರಲ್ಲಿ ಸ್ವತಂತ್ರ ಲಿಥುವೇನಿಯಕ್ಕೆ ಮರಳಿ, ಅದೇ ವರ್ಷದ ಡಿಸೆಂಬರ್ 7ರಂದು ಮಾರಿಯಾಂಪೊಲೆಯಲ್ಲಿ ನಿಧನರಾದರು.

ಹೀಗೆ ನೋಡಿದರೆ 'ಸ್ವಯಂಶಿಕ್ಷಿತ' ಎಂಬ ವಿಶೇಷಣ ಅರ್ಧಸತ್ಯ. ಆಳುಮಕ್ಕಳ ಮಾತು, ಕಳ್ಳದಾರಿಯಲ್ಲಿ ಬಂದ ಪತ್ರಿಕೆ, ನೆರೆಮನೆಯ ಹುಡುಗನ ಒತ್ತಾಸೆ, ಗೆಳತಿಯ ಸಹವಾಸ ಇವೆಲ್ಲ ಸೇರಿ ಅವರಿಗೆ ಕಲಿಸಿದವು. ಮೂವತ್ತು ವರ್ಷಗಳ ಮೌನವನ್ನು ವ್ಯರ್ಥ ಕಾಲವೆಂದು ಎಣಿಸುವ ಸಂಶೋಧಕರು 'ಸೊಸೆ'ಯನ್ನು ಮತ್ತೊಮ್ಮೆ ಓದಬೇಕು. ಹಾಗೆಂದು ಆ ಮೌನವನ್ನು ತಪಸ್ಸೆಂದು ಕೊಂಡಾಡುವುದೂ ಸರಿಯಲ್ಲ. ಓದುಬರಹಕ್ಕೆ ಬಿಡುವೇ ಸಿಗದೆ ಕ್ಯಾತ್ರೆಯಂತೆ ಸವೆದುಹೋದವರ ಸಂಖ್ಯೆ ದೊಡ್ಡದು. ಝೆಮಾಯ್ತೆ ಅವರೊಳಗಿನಿಂದ ಪಾರಾಗಿ ಬಂದ ಒಬ್ಬರು. ಬಂದವರು ಉಳಿದವರನ್ನು ಮರೆಯಲಿಲ್ಲ.