ಡ್ರಿಲ್ಲಿನ ತುರಿಕೆ

ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರಾದ ನಾವೂ ಏನಾದರೊಂದನ್ನು ಬರೆದು ಕಳುಹಿಸಬೇಕೆಂದು ಸಂಪಾದಿಕೆಯವರು ಅಪ್ಪಣೆ ಮಾಡಿರುವರು. ಗುರುಗಳ ಗುಣಗಳನ್ನೂ ಬಹುಮಾನ ವಿತರಣೆಯ ಸಂಭ್ರಮವನ್ನೂ ನಮಗಿಂತ ಚೆನ್ನಾಗಿ ಬಣ್ಣಿಸಬಲ್ಲವರು ಅನೇಕರಿದ್ದಾರೆ. ನಾವು ಬರೆಯಹೊರಟಿರುವುದು ಒಂದು ತುರಿಕೆಯ ವಿಷಯ. ಇದು ಕ್ಷುದ್ರವಾದ ಸಂಗತಿಯೆಂದು ಸೋದರಿಯರು ಪುಟವನ್ನು ಮಗುಚಿಬಿಡಬಾರದಾಗಿ ಬಿನ್ನಹ. ಇದರಲ್ಲಿ ನಾವು ನಾಲ್ವರು ಕೂಡಿ ಮಾಡಿದ ಒಂದು ತಪ್ಪೂ ಅಡಗಿದೆ.

1986ನೆಯ ಇಸವಿಯಲ್ಲಿ ನಾವು ಒಂಬತ್ತನೆಯ ತರಗತಿಯಲ್ಲಿದ್ದೆವು. ವಿದ್ಯಾರ್ಥಿನಿಲಯದ ಒಂದೇ ಕೋಣೆಯಲ್ಲಿ ಐವರ ವಾಸ. ಐದನೆಯವಳು ಘಟ್ಟದ ಮೇಲಿನ ಊರಿನಿಂದ ಬಂದವಳು, ಮಿತಭಾಷಿಣಿ, ಗಣಿತದಲ್ಲಿ ನಮಗೆಲ್ಲ ಅವಳೇ ಆಧಾರ. ಬೆಳಗ್ಗೆ ಏಳು ಗಂಟೆಗೆ ಕೆಂಪು ಮಣ್ಣಿನ ಮೈದಾನದಲ್ಲಿ ನಮಗೆ ಡ್ರಿಲ್ಲು. ಮೊದಲು ಮೂರು ಸುತ್ತು ಓಟ, ಅನಂತರ ಸಾಲಾಗಿ ನಿಂತು ಕೈಕಾಲುಗಳ ಸಾಧನೆ. ಕರಾವಳಿಯ ಹವೆಯಲ್ಲಿ ಎರಡನೆಯ ಸುತ್ತಿಗೇ ಮೈಯೆಲ್ಲ ಬೆವರು. ನಮಗೆ ಬೆವರಿಳಿಯುವಾಗ ಅವಳಿಗೆ ತುರಿಕೆ ಏಳುತ್ತಿತ್ತು. ಮೊದಲು ಎದೆಯ ಮೇಲೂ ಕುತ್ತಿಗೆಯಲ್ಲೂ ಸೂಜಿ ಚುಚ್ಚಿದಂತಾಗುವುದು. ಬಳಿಕ ಗುಂಡುಸೂಜಿಯ ತಲೆಯಷ್ಟು ಸಣ್ಣ ಸಣ್ಣ ದದ್ದುಗಳು. ಒಂದೊಂದರ ಸುತ್ತಲೂ ಕೆಂಪು ವರ್ತುಲ. ‘ಎಟೆನ್‌ಷನ್’ ಎಂದು ಅಪ್ಪಣೆಯಾದ ಮೇಲೆ ಕೈ ಅಲುಗಿಸಬಾರದಷ್ಟೆ? ಅವಳು ಮಾತ್ರ ಕೆರೆದುಕೊಳ್ಳದೆ ನಿಲ್ಲಲಾರಳು.

ಅವಳ ದುರದೃಷ್ಟವೇನೆಂದರೆ, ಈ ದದ್ದುಗಳು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗುರುತೂ ಇಲ್ಲದಂತೆ ಮಾಯವಾಗುತ್ತಿದ್ದುವು. ಸ್ನಾನ ತೀರಿಸಿ, ಗಂಜಿ ಉಂಡು, ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ ತೋರಿಸುವ ವೇಳೆಗೆ ತೋರಿಸಲು ಏನೂ ಇರುತ್ತಿರಲಿಲ್ಲ. ವೈದ್ಯರ ಬಳಿಗೆ ಒಯ್ದಾಗಲೂ ಅದೇ ಗತಿ. ಅವರು ಕೊಟ್ಟ ಮಾತ್ರೆಯಿಂದ ತುರಿಕೆ ಕೊಂಚ ಇಳಿಯಿತಾದರೂ, ಅವಳು ಇತಿಹಾಸದ ಪಾಠದಲ್ಲಿ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗತೊಡಗಿದಳು. ಆ ಕಾಲದ ಮಾತ್ರೆಗಳ ಸ್ವಭಾವವೇ ಹಾಗೆ. (ಇತಿಹಾಸದ ಪಾಠದಲ್ಲಿ ಮಾತ್ರೆ ನುಂಗದೆಯೇ ನಿದ್ದೆಹೋಗುತ್ತಿದ್ದವರೂ ನಮ್ಮಲ್ಲಿದ್ದರೆಂಬುದು ಬೇರೆ ಮಾತು.)

ಅಡಿಗೆಯ ಅಕ್ಕನವರು ಇದು ಪಿತ್ತದ ಗಂಧೆಯೆಂದು ನಿಶ್ಚಯಿಸಿ, ತಮ್ಮ ಕರಿಯ ಕಂಬಳಿಯಿಂದ ಅವಳ ಬೆನ್ನನ್ನು ಉಜ್ಜಿದರು. ಪುನರ್ಪುಳಿಯ ಶರಬತ್ತು ಮಾಡಿಕೊಟ್ಟರು. ಶರಬತ್ತನ್ನು ಯಾವ ರೋಗವೂ ಇಲ್ಲದ ನಾವೂ ಕುಡಿದೆವು. ನಮ್ಮ ಸಂದೇಹವು ಮಾತ್ರ ಬೇರೆಯಾಗಿತ್ತು. ಇದು ಕಜ್ಜಿಯೇ ಇರಬೇಕು, ನಮಗೂ ಹತ್ತಿಕೊಳ್ಳುವುದು ಎಂದು ನಮ್ಮೊಳಗೆ ಪಿಸುಮಾತು ಹುಟ್ಟಿತು. ಕಜ್ಜಿಯ ತುರಿಕೆ ರಾತ್ರಿಯ ವೇಳೆ ಬಲಿಯುತ್ತದೆ, ಬೆರಳುಗಳ ಸಂದಿಯಲ್ಲಿ ಮನೆಮಾಡುತ್ತದೆ, ಒತ್ತಿನಲ್ಲಿ ಮಲಗಿದವರಿಗೂ ಹರಡುತ್ತದೆ. ಅವಳಾದರೋ ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದಳು, ಬೆರಳುಗಳು ಶುಭ್ರವಾಗಿದ್ದುವು, ತಿಂಗಳುಗಟ್ಟಲೆ ಜೊತೆಗಿದ್ದರೂ ನಮಗೆ ಯಾರಿಗೂ ಏನೂ ಆಗಿರಲಿಲ್ಲ. ಇಷ್ಟನ್ನು ನೋಡಲು ವೈದ್ಯವಿದ್ಯೆ ಬೇಕಿರಲಿಲ್ಲ. ನಾವು ನೋಡಲಿಲ್ಲ. ಅವಳ ಚಾಪೆಯನ್ನು ಬಾಗಿಲ ಬಳಿಗೆ ಸರಿಸಿದೆವು. ಅವಳ ಟವೆಲಿಗೆ ಬೇರೆಯೇ ಒಂದು ಹಗ್ಗ ಕಟ್ಟಿದೆವು. ‘ತುರಿಮಣೆ’ ಎಂದು ಹೆಸರಿಟ್ಟೆವು. ಆ ಹೆಸರು ನಮಗೆ ಬಹು ಚಮತ್ಕಾರವಾಗಿ ಕಂಡಿತು.

ಇನ್ನೊಂದನ್ನು ಹೇಳಲೇಬೇಕು. ಬೆಳಗ್ಗೆ ಡ್ರಿಲ್ಲಿನಲ್ಲಿ ತುರಿಸಿಕೊಂಡವಳು ಅದೇ ದಿನ ಸಾಯಂಕಾಲ ಥ್ರೋಬಾಲ್ ಆಟದಲ್ಲಿ ನಮ್ಮೊಡನೆ ಸಮನಾಗಿ ಹಾರಿ ಕುಣಿಯುತ್ತಿದ್ದಳು. ಆಗ ತುರಿಕೆಯ ಸುಳಿವೇ ಇಲ್ಲ! “ಬೆಳಗ್ಗೆ ಒಮ್ಮೆ ತುರಿಸಿದರೆ ಸಂಜೆಗೆ ಬರುವುದಿಲ್ಲ, ನನಗೂ ಆಶ್ಚರ್ಯವೇ” ಎಂದು ಅವಳೇ ನಮಗೆ ಹೇಳಿದ್ದಳು. ನಾವು ಅದನ್ನು ಡ್ರಿಲ್ ಉಪಾಧ್ಯಾಯಿನಿಯವರ ಕಿವಿಗೆ ಮುಟ್ಟಿಸಿದೆವು. ಆಟಕ್ಕೆ ಇಲ್ಲದ ತುರಿಕೆ ಡ್ರಿಲ್ಲಿಗೆ ಮಾತ್ರ ಬರುವುದಾದರೆ ಅದು ಸೋಮಾರಿತನವೆಂದು ಅವರು ತೀರ್ಮಾನಿಸಿದರು. ಮರುದಿನ ಎಲ್ಲರೆದುರಿಗೆ ಅವಳನ್ನು ಗದರಿಸಿದಾಗ, ಓಡುವ ಮೊದಲೇ ಅವಳ ಕುತ್ತಿಗೆ ಕೆಂಪಾಗಿ ದದ್ದೆದ್ದಿತು. ಇದೂ ನಟನೆಯೆಂದೇ ಗಣಿಸಲ್ಪಟ್ಟಿತು. ಎರಡು ಸುತ್ತು ಹೆಚ್ಚಿಗೆ ಓಡುವ ಶಿಕ್ಷೆಯಾಯಿತು. ಓಡಿದಳು. ಅಂದಿನಿಂದ ಡ್ರಿಲ್ಲಿನ ದಿನಗಳಲ್ಲಿ ಅವಳಿಗೆ ಹೊಟ್ಟೆನೋವು ಬರತೊಡಗಿತು. ಈ ಹೊಟ್ಟೆನೋವು ನಿಜವಾಗಿಯೂ ಸುಳ್ಳು. ಸತ್ಯವನ್ನು ನಂಬದವರಿಗೆ ಅವಳು ಇನ್ನೇನು ತಾನೆ ಹೇಳಬೇಕು? 1987ರ ಬೇಸಿಗೆಯ ರಜೆಗೆ ಊರಿಗೆ ಹೋದವಳು ಮರಳಿ ಬರಲಿಲ್ಲ.

ವರ್ಷಗಳು ಸಂದುವು. 2016ರಲ್ಲಿ ನಮ್ಮಲ್ಲೊಬ್ಬಳ ಮಗಳಿಗೆ, ಆಗ ಹದಿನೈದು ವರ್ಷ, ಬ್ಯಾಡ್ಮಿಂಟನ್ ಆಡುವಾಗ ಮೈಯೆಲ್ಲ ತುರಿಕೆ. ಅವಳ ತೋಳಿನ ಮೇಲೆ ಎದ್ದ ದದ್ದುಗಳನ್ನು ಕಂಡೊಡನೆ ತಾಯಿಗೆ ಕೆಂಪು ಮೈದಾನವು ಕಣ್ಣಿಗೆ ಕಟ್ಟಿತು. ಆ ರಾತ್ರಿಯೇ ನಮಗೆಲ್ಲರಿಗೂ ಸುದ್ದಿ ತಿಳಿಸಿದಳು. ಚರ್ಮರೋಗ ತಜ್ಞೆಯವರು ಹುಡುಗಿಯನ್ನು ನಟಿಸುತ್ತಿರುವೆಯೋ ಎಂದು ಕೇಳಲಿಲ್ಲ. ಆಸ್ಪತ್ರೆಯ ಮೆಟ್ಟಿಲುಗಳನ್ನು ಬೆವರು ಬರುವವರೆಗೆ ಹತ್ತಿ ಇಳಿಯುವಂತೆ ಮಾಡಿ, ಪಕ್ಕದಲ್ಲೇ ಇದ್ದು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ದದ್ದುಗಳು ಎದ್ದುವು. ಒಂದು ಗಂಟೆ ತಡೆದು ತೋರಿಸಿದರೆ ಕಾಣದಿರುವುದನ್ನು ಆಗಲೇ ನೋಡಬೇಕೆಂಬ ಈ ಸರಳವಾದ ಉಪಾಯವು ನಮ್ಮ ಕಾಲದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇದಕ್ಕೆ ಕೋಲಿನರ್ಜಿಕ್ ಅರ್ಟಿಕೇರಿಯ ಎಂದು ಹೆಸರಂತೆ. ಮೈ ಬಿಸಿಯೇರಿದಾಗ ನರಗಳು ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ಮೂಲಕ ಬೆವರಿನ ಗ್ರಂಥಿಗಳಿಗೆ ಅಪ್ಪಣೆ ಕಳುಹಿಸುತ್ತವೆ. ಈ ವ್ಯಾಧಿಯುಳ್ಳವರಲ್ಲಿ ಅದೇ ಸಮಯಕ್ಕೆ ಚರ್ಮದ ಕೆಲವು ಕಣಗಳು ಹಿಸ್ಟಮಿನ್ ಎಂಬುದನ್ನು ಸುರಿಸುತ್ತವೆ. ಅದರಿಂದಲೇ ದದ್ದು, ಅದರಿಂದಲೇ ತುರಿಕೆ. ಕೆಲವರಿಗೆ ತಮ್ಮ ಬೆವರೇ ತಮಗೆ ಒಗ್ಗುವುದಿಲ್ಲ. ಓಟವೇ ಆಗಬೇಕೆಂದಿಲ್ಲ, ಬಿಸಿನೀರಿನ ಸ್ನಾನ, ಖಾರದ ಊಟ, ಕೋಪ, ಭಯ, ಅವಮಾನ ಇವೂ ಸಾಕು. ಹತ್ತರಿಂದ ಮೂವತ್ತು ವರ್ಷದ ವಯಸ್ಸಿನವರಲ್ಲಿಯೇ ಇದು ಹೆಚ್ಚಾಗಿ ತೊಡಗುತ್ತದೆ. ಒಮ್ಮೆ ದದ್ದೆದ್ದು ಇಳಿದ ಮೇಲೆ ಕೆಲವರಿಗೆ ಕೆಲವು ಗಂಟೆಗಳ ಕಾಲ, ಒಂದು ದಿನದವರೆಗೂ ಸಹ, ಎಷ್ಟು ಬೆವರಿದರೂ ಅದು ಮತ್ತೆ ಏಳುವುದಿಲ್ಲ. ಈ ಮಾತನ್ನು ಕೇಳಿದಾಗ ನಮಗೆ ಥ್ರೋಬಾಲಿನ ನೆನಪಾಗದೆ ಇದ್ದೀತೆ? ಡ್ಯೂಕ್ ಎಂಬ ಅಮೆರಿಕದ ವೈದ್ಯರು 1924ರಲ್ಲಿಯೇ ಈ ವ್ಯಾಧಿಯನ್ನು ವರ್ಣಿಸಿದ್ದರು. ನಾವು ಗೆಳತಿಯ ಮೇಲೆ ದೂರು ಹೇಳಿದ್ದು ಅದಾಗಿ 62 ವರ್ಷಗಳ ಮೇಲೆ.

ವ್ಯಾಯಾಮವನ್ನು ಬಿಡಬೇಕಿಲ್ಲವೆಂದು ವೈದ್ಯೆಯವರು ಹೇಳಿದರು. ನಿದ್ದೆಯನ್ನು ಅಷ್ಟಾಗಿ ತರದ ಈಗಿನ ಮಾತ್ರೆಗಳು, ಸೆಟಿರಿಜಿನ್ ಮೊದಲಾದುವು, ಅನೇಕರಿಗೆ ಗುಣಕೊಡುತ್ತವೆ. ಹತ್ತಿಯ ಸಡಿಲವಾದ ಉಡುಪು, ಮೆಲ್ಲನೆ ನಡೆದು ಬಳಿಕ ಓಡುವ ಕ್ರಮ, ತುರಿಕೆ ತೊಡಗಿದಾಗ ನಿಂತು ಮೈಯನ್ನು ತಣಿಸಿಕೊಳ್ಳುವುದು, ಇಷ್ಟರಿಂದ ಆ ಹುಡುಗಿ ಬ್ಯಾಡ್ಮಿಂಟನ್ನನ್ನು ಬಿಡದೆ ಆಡಿದಳು. ಆದರೆ ಒಂದು ಎಚ್ಚರಿಕೆಯನ್ನು ಅವರು ಎರಡು ಸಲ ಹೇಳಿದರು. ಆದುದರಿಂದ ನಾವೂ ಬರೆಯುತ್ತೇವೆ. ತುರಿಕೆಯ ಸಂಗಡ ತುಟಿಯೋ ನಾಲಗೆಯೋ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆ ತಿರುಗಿ ಕಣ್ಣು ಕತ್ತಲಿಟ್ಟರೆ, ಅದು ಬೇರೆಯೇ ಅಪಾಯ. ಕೆಲವರಿಗೆ ಗೋದಿಯನ್ನೋ ಸಿಗಡಿಯನ್ನೋ ಉಂಡು ಓಡಿದಾಗ ಮಾತ್ರ ಹೀಗಾಗುವುದುಂಟು. ಆಗ ಒಂದು ಹೆಜ್ಜೆಯನ್ನೂ ಓಡದೆ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಅಂದು ಎರಡು ಸುತ್ತು ಹೆಚ್ಚಿಗೆ ಓಡಿದವಳಿಗೆ ಅಂಥದೇನೂ ಆಗಲಿಲ್ಲ. ಆಗಬಹುದಾಗಿತ್ತೋ ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಹಳೆಯ ವಿದ್ಯಾರ್ಥಿನಿಯರ ಮೂಲಕ ಅವಳ ವಿಳಾಸವನ್ನು ಹುಡುಕಿ, ನಾಲ್ವರೂ ಸಹಿ ಹಾಕಿ ಕಾಗದ ಬರೆದೆವು. ಮೂರು ವಾರಗಳಾದ ಮೇಲೆ ಉತ್ತರ ಬಂತು. ಮೂವತ್ತು ದಾಟುವಷ್ಟರಲ್ಲಿ ತುರಿಕೆ ತಾನಾಗಿಯೇ ಹೋಯಿತೆಂದೂ, ಈಗ ದಿನವೂ ಬೆಳಗ್ಗೆ ಕೆರೆಯ ಏರಿಯ ಮೇಲೆ ನಡೆಯುವೆನೆಂದೂ ಬರೆದಿದ್ದಳು. ಅಡಿಗೆಯ ಅಕ್ಕನವರ ಕಂಬಳಿಯು ತುರಿಕೆಗಿಂತ ಹೆಚ್ಚು ಉರಿಸುತ್ತಿತ್ತೆಂದು ನಗೆಯಾಡಿದ್ದಳು. ತುರಿಮಣೆಯೆಂಬ ಹೆಸರನ್ನು ತನ್ನ ಮಕ್ಕಳಿಗೂ ಹೇಳಿ ನಗಿಸಿರುವಳಂತೆ. “ಆ ಬೇರೆ ಹಗ್ಗದ ಮಾತನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ” ಎಂದು ಕೊನೆಯ ಸಾಲಿನಲ್ಲಿತ್ತು.