ನಾಳೆ ಬಾ

ದೆವ್ವಕ್ಕೆ ಓದು ಬರುತ್ತದೆಂಬುದು ನನಗೆ ತಿಳಿದದ್ದು ತೊಂಬತ್ತರ ದಶಕದಲ್ಲಿ. ಆಗ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಬೀದಿಗೆ ಬೀದಿಯೇ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವ ಮನೆಯವರ ದನಿಯಲ್ಲೇ ಕೂಗುತ್ತದೆ; ತೆರೆದವರು ಉಳಿಯುವುದಿಲ್ಲ. ಬರೆಹವನ್ನು ಓದಿದರೆ ಮಾತ್ರ ಮರ್ಯಾದೆಯಾಗಿ ಹಿಂದಿರುಗಿ, ಮರುದಿನ ಬಂದು, ಮತ್ತೆ ಅದನ್ನೇ ಓದಿ ಹಿಂದಿರುಗುತ್ತದೆ ಎಂದು ಪ್ರತೀತಿ.

ಈ ಹಳೆಯ ಭಯವನ್ನು ಮತ್ತೆ ಕೆದಕಿದ್ದು ಅಮೆರಿಕದ ಒಂದು ಧಾರಾವಾಹಿ. ಹೆಸರು 'ಫ್ರಮ್', ಮೊದಲು ಬಂದದ್ದು 2022ರಲ್ಲಿ. ಕಾಡಿನ ನಡುವೆ ಒಂದು ಪುಟ್ಟ ಊರು. ರಸ್ತೆಗೆ ಅಡ್ಡಬಿದ್ದ ಮರವನ್ನು ಕಂಡು ಗಾಡಿ ತಿರುಗಿಸಿದವರು ಅಲ್ಲಿಗೆ ಬಂದು ಸೇರುತ್ತಾರೆ. ಎಷ್ಟು ಓಡಿಸಿದರೂ ಗಾಡಿ ಮತ್ತೆ ಅದೇ ಬೀದಿಗೆ ಬಂದು ನಿಲ್ಲುತ್ತದೆ. ಸಂಜೆಯಾದರೆ ಬಾಯ್ಡ್ ಎಂಬ ಊರಿನ ಷೆರಿಫ್ ಗಂಟೆ ಬಾರಿಸುತ್ತ ಹೋಗುತ್ತಾನೆ. ಜನ ಒಳಸೇರಿ, ಬಾಗಿಲ ಬಳಿ ಕಲ್ಲಿನ ತಾಯಿತ ತೂಗುಹಾಕುತ್ತಾರೆ. ಕತ್ತಲಾದ ಮೇಲೆ ಕಾಡಿನಿಂದ 'ಅವು' ಬರುತ್ತವೆ; ಓಡಿಬರುವುದಿಲ್ಲ, ನಗುತ್ತ ನಿಧಾನವಾಗಿ ನಡೆದು ಬರುತ್ತವೆ. ಮೊದಲ ಕಂತಿನಲ್ಲೇ ಅಜ್ಜಿಯಂತೆ ಕಾಣುವವಳೊಬ್ಬಳು ಕಿಟಕಿಯಾಚೆ ನಿಂತು ಪುಟ್ಟ ಹುಡುಗಿಯನ್ನು ಮಾತಾಡಿಸುತ್ತಾಳೆ. ಹುಡುಗಿ ಕಿಟಕಿ ತೆರೆಯುತ್ತಾಳೆ. ಬೆಳಗಾಗುವ ಹೊತ್ತಿಗೆ ತಾಯಿಯೂ ಇಲ್ಲ, ಮಗಳೂ ಇಲ್ಲ. ತಂದೆ ಆ ರಾತ್ರಿ ಮನೆಯಲ್ಲಿರಲಿಲ್ಲ.

ಅದನ್ನು ನೋಡಿ ನನಗೆ ನಿದ್ರೆ ಬರಲಿಲ್ಲ. ನಮ್ಮ ಅಪ್ಪನೂ ಅಂಥ ಒಂದು ರಾತ್ರಿ ಮನೆಯಲ್ಲಿರಲಿಲ್ಲ. ಕೊನೆಯ ಬಸ್ಸು ಕೆಟ್ಟು, ಮಳೆಯಲ್ಲಿ ನಡೆದು, ನಡುರಾತ್ರಿಗೆ ಬಂದು ಬಾಗಿಲು ತಟ್ಟಿದರು; ಅಮ್ಮನ ಹೆಸರು ಹಿಡಿದು ಕೂಗಿದರು. ಅಮ್ಮ ನನ್ನನ್ನೂ ತಂಗಿಯನ್ನೂ ಅವಚಿಕೊಂಡು ಬಾಗಿಲ ಹಿಂದೆ ನಿಂತಳು. ದನಿ ಅಪ್ಪನದೇ. ಆದರೆ ದೆವ್ವದ ದನಿಯೂ ಅದೇ ಅಲ್ಲವೆ? ಕೊನೆಗೆ ನಡುಗುತ್ತ ಹೇಳಿದಳು: "ನಾಳೆ ಬನ್ನಿ." ದೆವ್ವವಾದರೂ ಗಂಡನ ದನಿಯಲ್ಲಿ ಬಂದದ್ದು, ಏಕವಚನ ಬಾಯಿಗೆ ಬರಲಿಲ್ಲ. ಹೊರಗೆ ಸದ್ದಡಗಿತು. ಬೆಳಿಗ್ಗೆ ನೋಡಿದರೆ ಅಪ್ಪ ಜಗುಲಿಯ ಮೇಲೆ ಒದ್ದೆ ಪಂಚೆಯಲ್ಲೇ ಮುದುರಿಕೊಂಡು ಮಲಗಿದ್ದರು. ಎದ್ದವರು ನಗುತ್ತ ಕಾಫಿ ಕೇಳಿದರು. ಅಮ್ಮ ನಗಲಿಲ್ಲ. ಅಪ್ಪ ತೀರಿಕೊಂಡು ವರ್ಷಗಳಾದರೂ, ಈ ಮಾತು ಬಂದರೆ ಇಂದಿಗೂ ಎದ್ದು ಒಳಗೆ ಹೋಗುತ್ತಾಳೆ.

ಯಾರಿಗೆ ಬಾಗಿಲು ತೆರೆಯಬೇಕು, ಯಾರಿಗೆ ಮುಚ್ಚಬೇಕು? ಒಂದು ಊರನ್ನು ಕತ್ತಲಲ್ಲಿ ಕೂಡಿಹಾಕಿದ ಕಥೆಗಾರ ಕೇಳಬೇಕಾದ ಪ್ರಶ್ನೆ ಇದು. ಧಾರಾವಾಹಿ ಅದನ್ನು ಚೆನ್ನಾಗಿಯೇ ಕೇಳಿತು, ಬಳಿಕ ಮರೆಯಿತು. ಎಲ್ಲಿಗೂ ಸೇರದ ತಂತಿಯಲ್ಲಿ ದೀಪ ಉರಿಯಿತು. ಹೊಕ್ಕವರನ್ನು ಬೇರೆಲ್ಲಿಗೋ ಒಯ್ದು ಹಾಕುವ ಮರದ ಪೊಟರೆ ಬಂತು. ನಿನ್ನ ಹೆಂಡತಿ ಆ ಗುಂಡಿ ತೋಡಬಾರದೆಂದು ರೇಡಿಯೋದಲ್ಲಿ ಯಾವುದೋ ದನಿ ಎಚ್ಚರಿಸಿತು. ಬಿಳಿಯುಡುಪಿನ ಹುಡುಗ, ಬಾಯ್ಡನ ರಕ್ತದಲ್ಲಿ ಹುಳು, ಸಂಗೀತದ ಪೆಟ್ಟಿಗೆ, ದೀಪಸ್ತಂಭ. ಒಂದು ಗಂಟು ಬಿಚ್ಚುವ ಮೊದಲೇ ಇನ್ನೆರಡು ಗಂಟು. 2024ರ ಕೊನೆಗೆ ಮೂರು ಭಾಗಗಳಲ್ಲಿ 30 ಕಂತು ಮುಗಿದವು.

ಉತ್ತರ ತಡವಾಯಿತೆಂದು ನನ್ನ ದೂರಲ್ಲ. ಸತ್ತವರಿಗಾಗಿ ಅಳಲು ಬದುಕಿದವರಿಗೆ ಬಿಡುವಿಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವ ವ್ಯವಧಾನವೂ ಇಲ್ಲ. ನಮ್ಮ ಬೀದಿಯ ನಲ್ಲಿಯ ಬಳಿಯಾಗಿದ್ದರೆ, ಬೆಳಗಿನ ನೀರು ಹಿಡಿಯುವಷ್ಟರಲ್ಲಿ ಅರ್ಧ ರಹಸ್ಯ ಬಯಲಾಗುತ್ತಿತ್ತು!

ಪ್ರತಿ ಕಂತಿನ ಕೊನೆಯಲ್ಲೂ ಅದು 'ನಾಳೆ ಬಾ' ಎಂದಿತು. ಅಕ್ಷರ ಬಲ್ಲ ದೆವ್ವದಂತೆ ನಾನೂ ಹಿಂದಿರುಗಿ, ಮರುದಿನ ಮತ್ತೆ ಹೋಗಿ ನಿಂತೆ. 30 ರಾತ್ರಿ ಹೀಗೇ ಕಳೆಯಿತು. ಅಪ್ಪನಿಗಾದರೋ ಬೆಳಗಾದ ಮೇಲೆ ಬಾಗಿಲು ತೆರೆದಿತ್ತು.